ಹಾಳೆಯಲ್ಲುಳಿದ ಬಯಲುನಾಡು

ಗುಂಡ್ಲುಪೇಟೆಯಲ್ಲಿ ಬೆಳಗಿನ ಬಸ್ಸು ಹಿಡಿದು, ಮದ್ದೂರಿನ ಚೆಕ್‌ಪೋಸ್ಟನ್ನು ದಾಟಿ, 2009ರಿಂದೀಚೆಗೆ ರಾತ್ರಿ ಒಂಬತ್ತು ಗಂಟೆಯಿಂದ ಬೆಳಗಿನ ಆರರವರೆಗೆ ಕೆಲವೇ ಬಸ್ಸುಗಳ ಹೊರತು ಮಿಕ್ಕ ವಾಹನಗಳಿಗೆಲ್ಲ ನಿಷಿದ್ಧವಾಗಿರುವ ಬಂಡೀಪುರದ ಕಾನನಮಾರ್ಗದಲ್ಲಿ ತೂಕಡಿಸುತ್ತ ಸಾಗಿ, ಮುತ್ತಂಗ, ನೂಲ್ಪುಳಗಳನ್ನು ಹಿಂದಿಕ್ಕಿ, ಸುಲ್ತಾನ್ ಬತ್ತೇರಿಯ ಗದ್ದಲದಲ್ಲಿ ಕಣ್ಣು ತೆರೆದವನಿಗೆ, ಅಲ್ಲಿಂದ ಕಲ್ಪೆಟ್ಟದ ಕಡೆಗೆ ಸುಮಾರು ಹತ್ತು ಕಿಲೋಮೀಟರು ಹೋದಮೇಲೆ ಕಂಡಕ್ಟರನು ‘ಮೀನಂಗಡಿ, ಮೀನಂಗಡಿ’ ಎಂದು ಕೂಗಿದಾಗ, ತಾನು ಕರ್ಣಾಟಕದ ಎಲ್ಲೆಯನ್ನು ದಾಟಿ ಬಂದಿದ್ದೇನೆಂಬ ಭಾವನೆಯೇ ಒಂದು ಕ್ಷಣ ಮರೆತುಹೋಗುತ್ತದೆ. ಮೀನೂ ನಮ್ಮದೇ, ಅಂಗಡಿಯೂ ನಮ್ಮದೇ. ಆದರೆ ನಾವು ಅಂಗಡಿಯೆಂದರೆ ಒಂದು ಮಳಿಗೆ, ಒಂದು ಗಲ್ಲಾಪೆಟ್ಟಿಗೆ. ಮಲೆಯಾಳದಲ್ಲಿ ಅಂಗಡಿಯೆಂದರೆ ಪೇಟೆಗೆ ಪೇಟೆಯೇ. ನಮ್ಮಲ್ಲಿಯೂ ಆ ಹಳೆಯ ಅರ್ಥ ಪೂರ್ತಿ ಅಳಿದಿಲ್ಲವೆನ್ನುವುದಕ್ಕೆ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇಂದು ಮೂಡಿಗೆರೆ ತಾಲ್ಲೂಕಿನಲ್ಲಿ ‘ಅಂಗಡಿ’ ಎಂಬ ಹೆಸರಿನ ಗ್ರಾಮವಾಗಿ ಉಳಿದಿರುವುದೇ ಸಾಕ್ಷಿ.

ನನ್ನ ತೊಡೆಯ ಮೇಲೆ ಒಂದು ಹಾಳೆಯಿತ್ತು. ಅದರ ಹೆಸರು 58ಎ/2. ಭಾರತ ಸರ್ವೇಕ್ಷಣ ಇಲಾಖೆಯವರ ಸ್ಥಳಾಕೃತಿ ನಕ್ಷೆ. ಕಚೇರಿಯವರ ಬಾಯಲ್ಲಿ ಟೋಪೋಶೀಟು. ಈ ಸಂಖ್ಯೆಯನ್ನು ಮೊದಲು ನೋಡಿದವನಿಗೆ ಅದು ಕೋರ್ಟಿನ ಖಟ್ಲೆಯ ನಂಬರಿನಂತೆ ಕಂಡೀತು. ಒಳಹೊಕ್ಕರೆ ಅದು ಒಂದು ವಿಳಾಸ. ದೇಶವನ್ನೆಲ್ಲ ನಾಲ್ಕು ಡಿಗ್ರಿ ಉದ್ದ ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಗೀರಿ, ಅವುಗಳಲ್ಲಿ 8ರಿಂದ 12 ಡಿಗ್ರಿ ಉತ್ತರ ಅಕ್ಷಾಂಶ, 76ರಿಂದ 80 ಡಿಗ್ರಿ ಪೂರ್ವ ರೇಖಾಂಶಗಳ ನಡುವಿನದಕ್ಕೆ 58 ಎಂದು ಹೆಸರಿಟ್ಟು, ಅದನ್ನು ಎ ಮೊದಲ್ಗೊಂಡು ಪಿ ವರೆಗೆ ಹದಿನಾರು ಭಾಗಮಾಡಿ, ಆ ಒಂದೊಂದನ್ನೂ ಮತ್ತೆ ಹದಿನಾರಾಗಿಸಿದರೆ, ಕಾಲು ಡಿಗ್ರಿಯ ಈ ಒಂದು ತುಣುಕು ನಮ್ಮ ಕೈಗೆ ಬರುತ್ತದೆ. ಸುಮಾರು 27 ಕಿಲೋಮೀಟರು ಚೌಕದ ಈ ತುಣುಕಿನಲ್ಲಿ ಮೀನಂಗಡಿ, ಕಲ್ಪೆಟ್ಟ, ಪನಮರಂ, ಅಂಬಲವಯಲ್, ಮೇಪ್ಪಾಡಿಗಳೆಲ್ಲ ಅಡಗಿವೆ. ಬತ್ತೇರಿ ಮೂಡಣ ಅಂಚಿನಲ್ಲಿ ನಿಂತು ಆಚೆಯ ಹಾಳೆಗೆ ಇಣುಕುತ್ತದೆ. ನಾನು ಬಸ್ಸು ಹತ್ತಿದ ಗುಂಡ್ಲುಪೇಟೆಯು ಇದೇ 58ಎ ಎಂಬ ಮನೆಯ ಒಂಬತ್ತನೆಯ ಕೋಣೆ. ರಾಜ್ಯಗಳನ್ನು ಭಾಷೆಗಳಿಗೆ ಅನುಸಾರವಾಗಿ ಹಂಚುವುದಕ್ಕೆ ಎಷ್ಟೋ ಮುಂಚೆಯೇ ಈ ಮನೆಯ ಗೋಡೆಗಳನ್ನು ಎಳೆದಾಗಿತ್ತು; ಮೈಸೂರೆಂದೂ ಮಲಬಾರೆಂದೂ ಅವು ಎಣಿಸಲಿಲ್ಲ.

ನನ್ನಲ್ಲಿದ್ದ ಹಾಳೆಗಳು ವಾಸ್ತವವಾಗಿ ಎರಡು. ಒಂದು, ಐವತ್ತು ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ಮುದ್ರಿತವಾದ ಈಚಿನದು. ಇನ್ನೊಂದು, ಮೈಲಿಗೊಂದು ಅಂಗುಲದ ಲೆಕ್ಕದ ಹಳೆಯ ಹಾಳೆಯ ನೆರಳಚ್ಚು. ಅದನ್ನು ತೆಗೆದುಕೊಟ್ಟ ಪುಣ್ಯಾತ್ಮನು ಯಂತ್ರದ ಗಾಜಿಗೆ ಸರಿಹೊಂದಲೆಂದು ಕೆಳಗಿನ ಅಂಚನ್ನು ಮಡಚಿಬಿಟ್ಟಿದ್ದರಿಂದ, ಯಾವ ಋತುವಿನಲ್ಲಿ ಅಳತೆಯಾಯಿತು, ಯಾವ ಅಧಿಕಾರಿಯ ಕೈಕೆಳಗೆ ಆಯಿತು ಎಂಬ ಅತ್ಯಗತ್ಯವಾದ ಎರಡು ಸಾಲುಗಳು ನನಗೆ ದಕ್ಕಲಿಲ್ಲ. ಆಗ ಕೋಪ ಬಂದಿತಾದರೂ ಆಮೇಲೆ ಅದೊಂದು ಉಪಕಾರವೇ ಆಯಿತೆಂದು ತೋರಿತು. ತಾರೀಖಿಲ್ಲದ ಹಾಳೆಯ ವಯಸ್ಸನ್ನು ಅದರೊಳಗಿನ ಇಲ್ಲಗಳಿಂದಲೇ ಕಂಡುಹಿಡಿಯಬೇಕು. ಹಾಗೆ ಹುಡುಕುವಾಗ ಒಂದೊಂದು ಗೆರೆಯನ್ನೂ ಮನಸ್ಸಿಟ್ಟು ನೋಡುವ ಅಭ್ಯಾಸವಾಗುತ್ತದೆ. ಎತ್ತರಗಳು ಅಡಿಗಳಲ್ಲಿವೆ, ಆದಕಾರಣ ಮೆಟ್ರಿಕ್ ಪದ್ಧತಿ ಬರುವುದಕ್ಕೆ ಮುಂಚಿನದು. ಕಾರಾಪುಳದ ಜಲಾಶಯ ಇಲ್ಲ. ಅದರ ಕೆಲಸ ಮೊದಲಾದದ್ದು 1970ರ ದಶಕದ ಕೊನೆಯಲ್ಲಿ. ಇಂದಿನ ಹಾಳೆಯಲ್ಲಿ ವಾಳವಟ್ಟದ ಮಗ್ಗುಲಲ್ಲಿ ನೀಲಿಯ ಹಲವು ಬೆರಳುಗಳು ಚಾಚಿಕೊಂಡಿರುವ ಜಾಗದಲ್ಲಿ, ಹಳೆಯದರಲ್ಲಿ ತೋಡುಗಳೆಂಬ ಕಿರುಹೊಳೆಗಳು, ತೋಡುಗಳ ಬದಿಯ ಗದ್ದೆಗಳು, ಗದ್ದೆಗಳ ಅಂಚಿನಲ್ಲಿ ಮನೆಗಳ ಚುಕ್ಕಿಗಳು. ಚೌಕಟ್ಟಿನ ಬಡಗಣ ಅಂಚಿನಲ್ಲಿ, ರಸ್ತೆ ಹಾಳೆಯಿಂದ ಹೊರಬೀಳುವೆಡೆ, ‘ಮಾನಂತೊಡ್ಡಿಗೆ’ ಎಂಬ ಕಿರಿಯ ಅಕ್ಷರ.

ಈ ಮಾನಂತೊಡ್ಡಿಯಿಂದ ನಾನು ಪಟ್ಟ ಪಾಡನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ರಾಮನಗರ, ಮಂಡ್ಯಗಳ ಕಡೆ ದೊಡ್ಡಿಯೆಂದು ಮುಗಿಯುವ ಊರುಗಳನ್ನು ಎಣಿಸಿ ಬೆಳೆದ ನಾನು, ಇದನ್ನು ಕಂಡೊಡನೆ ಇಲ್ಲಿ ನಮ್ಮ ದನಗಾಹಿಗಳ ದೊಡ್ಡಿಯೊಂದಿತ್ತೆಂದೂ, ಅಲ್ಲಿಂದ ಕನ್ನಡದ ವಿಸ್ತಾರವನ್ನು ಸಾಧಿಸಬಹುದೆಂದೂ ಎರಡು ಪುಟ ಟಿಪ್ಪಣಿ ಬರೆದಿಟ್ಟಿದ್ದೆ. ಮಲೆಯಾಳ ಬಲ್ಲ ಮಿತ್ರರೊಬ್ಬರು ಅದನ್ನು ಓದಿ, ನಕ್ಕು, ಊರಿನ ಹೆಸರು ಮಾನಂತವಾಡಿ, ಅದನ್ನು ತೊಡ್ಡಿ ಮಾಡಿದ್ದು ಆಂಗ್ಲರ ಕಿವಿ, ಎಂದರು. ಊರಿನವರು ಹೇಳಿದ್ದು ಒಂದು, ದುಭಾಷಿಗೆ ಕೇಳಿಸಿದ್ದು ಇನ್ನೊಂದು, ದೊರೆ ಬರೆದುಕೊಂಡದ್ದು ಮತ್ತೊಂದು. ನಕ್ಷೆಯ ಮೇಲಿನ ಹೆಸರೆಂದರೆ ಮೂರು ಬಾಯಿ ದಾಟಿ ಬಂದ ಸುದ್ದಿ. ಗೆರೆಗಳನ್ನು ನಂಬುವಷ್ಟು ಅಕ್ಷರಗಳನ್ನು ನಂಬಲಾಗದು. ಆ ಎರಡು ಪುಟಗಳು ಈಗಲೂ ನನ್ನ ಬೀರುವಿನಲ್ಲಿವೆ, ಅಹಂಕಾರ ಹೆಚ್ಚಾದಾಗ ತೆಗೆದು ನೋಡುವುದಕ್ಕೆ.

ಈ ಗೆರೆಗಳ ಮೂಲ ನಮ್ಮ ಸೀಮೆಯದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ, ಗೆದ್ದವರಿಗೆ ತಾವು ಗೆದ್ದದ್ದು ಏನೆಂದು ತಿಳಿಯಬೇಕಾಗಿತ್ತು. ಕಾಲಿನ್ ಮೆಕೆಂಜಿಯು ಮೈಸೂರಿನ ಅಳತೆಗೆ ತೊಡಗಿ, ಕಾವಲಿ ವೆಂಕಟ ಬೊರಯ್ಯನಂಥ ಪಂಡಿತರ ಸಹಾಯದಿಂದ ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ನೆಲದ ಅಳತೆಯ ಜೊತೆಜೊತೆಗೇ ಕೂಡಿಸಿದ. ವಿಲಿಯಂ ಲ್ಯಾಂಬ್ಟನ್ನನಿಗಾದರೋ ಕಥೆಗಳ ಗೊಡವೆ ಬೇಡ. ಅವನಿಗೆ ಬೇಕಾದ್ದು ತ್ರಿಕೋನ. 1802ರ ಏಪ್ರಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸರಪಳಿಯಿಂದ ಏಳೂವರೆ ಮೈಲಿಯ ಒಂದು ಮೂಲರೇಖೆಯನ್ನು ಅಳೆದು, 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಂದನ್ನು ಅಳೆದು ತಾಳೆ ನೋಡಿ, ಸಾವನದುರ್ಗದಂಥ ಶಿಖರಗಳ ಮೇಲೆ ಬಾವುಟಗಳನ್ನು ನೆಡಿಸಿ, ಅರ್ಧ ಟನ್ನು ತೂಗುವ ಥಿಯೊಡೊಲೈಟನ್ನು ಹೊರಿಸಿಕೊಂಡು ಪಶ್ಚಿಮ ಸಮುದ್ರದವರೆಗೆ ನಡೆದ. ಕೊಡಗಿನ ತಡಿಯಂಡಮೋಳ್, ಕಡಲಂಚಿನ ಏಳಿಮಲೆಗಳು ಅವನ ತ್ರಿಕೋನಗಳ ತುದಿಗಳು. ಅದುವರೆಗೆ ನಾನೂರು ಮೈಲಿಯೆಂದು ಎಣಿಸಿದ್ದ ಪರ್ಯಾಯದ್ವೀಪದ ಅಗಲವು, ಈ ಅಳತೆಯಿಂದ, ಮುನ್ನೂರ ಅರವತ್ತು ಮೈಲಿಗೆ ಕುಗ್ಗಿತು. ನಲವತ್ತು ಮೈಲಿ ಭೂಮಿ ಇಲ್ಲವೇ ಇಲ್ಲವೆಂದು ಗೊತ್ತಾದ ದಿನ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಿಗರಿಗೆ ಹೇಗಾಗಿರಬೇಕು!

ಆ ಕಾಲಕ್ಕೆ ವಯನಾಡು ಯಾರದೆಂಬುದೇ ವ್ಯಾಜ್ಯ. 1799ರ ಒಪ್ಪಂದದ ಕಾಗದದಲ್ಲಿ ಅದು ಮೈಸೂರಿನ ಒಡೆಯರ ಪಾಲಿಗೆ ಬಂದು, 1803ರ ಪೂರಕ ಒಪ್ಪಂದದಲ್ಲಿ ಕಂಪನಿಯ ಪಾಲಿಗೆ ಹೋಯಿತು. ಆದರೆ ಕಾಗದ ಯಾರ ಕೈಯಲ್ಲಿದ್ದರೇನು, ಕಾಡು ಕೇರಳವರ್ಮ ಪಳಶ್ಶಿರಾಜನ ಕೈಯಲ್ಲಿತ್ತು. ಕುರಿಚ್ಯರ ಬಿಲ್ಲುಗಳ ಕಾವಲಿನಲ್ಲಿ ಆತ ವರ್ಷಗಟ್ಟಲೆ ಕಂಪನಿಯ ಪಡೆಗಳನ್ನು ಅಲೆಸಿ, 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಬಳಿ, ಇಂದಿನ ಕರ್ಣಾಟಕದ ಎಲ್ಲೆಗೆ ಕೂಗಳತೆಯಲ್ಲಿ, ಒಂದು ತೋಡಿನ ದಡದಲ್ಲಿ ಮಡಿದ. ಆತನ ಬಲವಿದ್ದದ್ದು ಒಂದೇ ಸಂಗತಿಯಲ್ಲಿ, ಅಂದರೆ ಈ ತೋಡುಗಳೂ ಕಣಿವೆಗಳೂ ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆಂಬುದು ಅವನ ಕಡೆಯವರಿಗೆ ಮಾತ್ರ ಗೊತ್ತಿದ್ದದ್ದರಲ್ಲಿ. ಆ ಗೊತ್ತನ್ನು ಕಾಗದಕ್ಕಿಳಿಸಿದ್ದೇ ನಕ್ಷೆ. ತಾಮರಶ್ಶೇರಿ ಘಟ್ಟದ ಮೇಲೆ ಲಕ್ಕಿಡಿಯಲ್ಲಿ ಸರಪಳಿ ಬಿಗಿದ ಆಲದ ಮರವೊಂದಿದೆ. ಘಟ್ಟವೇರುವ ಹಾದಿಯನ್ನು ಆಂಗ್ಲ ಎಂಜಿನಿಯರನಿಗೆ ತೋರಿಸಿಕೊಟ್ಟ ಕರಿಂತಂಡನೆಂಬ ಪಣಿಯ ಬುಡಕಟ್ಟಿನ ತರುಣನನ್ನು, ಆ ಕೀರ್ತಿ ತನಗೊಬ್ಬನಿಗೇ ಇರಲೆಂದು ಆತ ಕೊಲ್ಲಿಸಿದನೆಂದೂ, ಅಲೆಯುತ್ತಿದ್ದ ಆತ್ಮವನ್ನು ಆ ಮರಕ್ಕೆ ಬಂಧಿಸಿದ್ದಾರೆಂದೂ ಜನ ಹೇಳುತ್ತಾರೆ. ಐತಿಹ್ಯವೆಂದು ಇದನ್ನು ತಳ್ಳಿಹಾಕಬಹುದು. ಆದರೆ ಹಳೆಯ ಹಾಳೆಗಳ ಅಂಚಿನಲ್ಲಿ ಅಧಿಕಾರಿಯ ಹೆಸರಿರುತ್ತದೆಯೇ ಹೊರತು, ದಾರಿ ತೋರಿದವನ, ಬಾವುಟ ಹಿಡಿದವನ, ಮಲೆಜ್ವರದಲ್ಲಿ ಸತ್ತ ಕಲಾಸಿಯ ಹೆಸರು ಎಂದೂ ಇರುವುದಿಲ್ಲವೆಂಬುದು ಐತಿಹ್ಯವಲ್ಲ.

ಹೆಸರುಗಳ ವಿಷಯಕ್ಕೆ ಮರಳುತ್ತೇನೆ, ಸುಟ್ಟ ಬೆರಳನ್ನು ಊದಿಕೊಳ್ಳುತ್ತಲೇ. ವಯನಾಡೆಂದರೆ ವಯಲ್‌ಗಳ ನಾಡು. ನಮ್ಮ ವಕಾರ ಬಕಾರದ ನಿಯಮದಂತೆ ಬಯಲುನಾಡು. ಇದು ನನ್ನ ದೊಡ್ಡಿಯಂಥ ಊಹೆಯಲ್ಲ. ಬಿ. ಎಲ್. ರೈಸರು ಪ್ರಕಟಿಸಿದ ಶಾಸನಸಂಪುಟಗಳಲ್ಲಿ, ಹೆಗ್ಗಡದೇವನಕೋಟೆಯ ಸೀಮೆಯ ಕನ್ನಡ ಶಾಸನಗಳಲ್ಲಿ, ‘ಬಯಲ್ನಾಡು’ ಎಂದೇ ಈ ಭೂಮಿಯ ಪ್ರಸ್ತಾಪವಿದೆ. ಅದನ್ನು ಆಳಿದ ಕದಂಬವಂಶದ ಅರಸರೂ ಬರುತ್ತಾರೆ. ಅಲ್ಲಿಂದೀಚೆಗೆ ಕನ್ನಡ ಈ ನೆಲವನ್ನು ಬಿಟ್ಟುಹೋಗಿಲ್ಲ. ಬತ್ತೇರಿಯ ಕಲ್ಲಿನ ಬಸದಿಯಲ್ಲಿ ಟಿಪ್ಪುವಿನ ಮದ್ದುಗುಂಡು ತುಂಬಿದ್ದರಿಂದ ಊರಿಗೆ ‘ಸುಲ್ತಾನನ ಬ್ಯಾಟರಿ’ ಎಂಬ ಹೆಸರು ಬಿದ್ದಿತು. ಅದಕ್ಕೆ ಮುಂಚೆ ಅದು ಗಣಪತಿವಟ್ಟಂ. ಜೈನರ ನೆನಪಿನಲ್ಲಿ ಅದು ‘ಹನ್ನೆರಡು ಬೀದಿ’. ಕಲ್ಪೆಟ್ಟದ ಪದ್ಮಪ್ರಭ ಗೌಡರ್, ಅವರ ಮಗ ಎಂ. ಪಿ. ವೀರೇಂದ್ರಕುಮಾರ್ ಇವರ ಮನೆತನದ ‘ಗೌಡರ್’ ಎಂಬ ಹೆಸರಿನಲ್ಲಿಯೂ, ಪನಮರದ ಹತ್ತಿರ ಪುತ್ತಂಗಡಿಯ ಪಾಳುಗುಡಿಗಳ ಕಂಬಗಳಲ್ಲಿಯೂ ಕನ್ನಡದ ಗುರುತುಂಟು. ಮಲೆಯಾಳಿಗಳು ಆ ಗುಡಿಗಳನ್ನು ಜನಾರ್ದನಗುಡಿ, ವಿಷ್ಣುಗುಡಿ ಎನ್ನುತ್ತಾರೆ. ಅಂಬಲವೆನ್ನದೆ ‘ಗುಡಿ’ ಎನ್ನುತ್ತಾರೆಂಬುದನ್ನು ಗಮನಿಸಬೇಕು. ನಕ್ಷೆಯಲ್ಲಿ ಮುಳ್ಳನ್‌ಕೊಲ್ಲಿಯೆಂಬ ಊರನ್ನು ಕಂಡ ಕೊಡಗಿನವನಿಗೆ ಕೊಲ್ಲಿಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಣಿಯರ ಕೇರಿಗೆ ಇಲ್ಲಿ ಪಾಡಿ. ಗಡಿಯಾಚೆ ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಅದೇ ಹಾಡಿ.

ಮೀನಂಗಡಿಯಿಂದ ತೆಂಕಮೂಡಲಿಗೆ ಅಂಬಲವಯಲ್ ದಾಟಿದರೆ, ಹಾಳೆಯ ಮೇಲೆ ಕಂದು ಗೆರೆಗಳು ಒಂದರ ಮೇಲೊಂದು ಒತ್ತಿ ಬಂದು ಒಂದು ಗಂಟಾಗುತ್ತವೆ. ಅದು ಅಂಬುಕುತ್ತಿ ಬೆಟ್ಟ; ಅದರಲ್ಲಿರುವುದು ಎಡಕಲ್ಲು. ಎರಡು ಬಂಡೆಗಳ ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು: ಹೆಸರೇ ವರ್ಣನೆ, ಕನ್ನಡಕ್ಕೆ ಅನುವಾದವೂ ಬೇಡ. ಭಾರತೀಸುತರ ಕಾದಂಬರಿಯಿಂದಲೂ, ಅದನ್ನಾಧರಿಸಿ ಪುಟ್ಟಣ್ಣ ಕಣಗಾಲರು 1973ರಲ್ಲಿ ತೆರೆಗೆ ತಂದ ಚಿತ್ರದಿಂದಲೂ ಎಡಕಲ್ಲು ಗುಡ್ಡದ ಹೆಸರು ನಮಗೆ ಮನೆಮಾತಾಗಿದೆ. ಮಲಬಾರಿನ ಪೋಲೀಸು ಸೂಪರಿಂಟೆಂಡೆಂಟನಾಗಿದ್ದ ಫಾಸೆಟ್ ಎಂಬವನು 1890ರ ದಶಕದಲ್ಲಿ ಇದರ ಗೋಡೆಯ ಶಿಲಾಯುಗದ ಗೀರುಚಿತ್ರಗಳನ್ನು ಕಂಡು, 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದು ಲೋಕಕ್ಕೆ ತಿಳಿಸಿದ. ಅಲ್ಲಿ ವಿಷ್ಣುವರ್ಮನೆಂಬವನ ಹೆಸರನ್ನು ಹೇಳುವ ಬ್ರಾಹ್ಮೀ ಲಿಪಿಯ ಬರಹವೂ ಇದೆ. ಇಷ್ಟೆಲ್ಲ ಸಂಪತ್ತಿಗೆ ನಕ್ಷೆ ಕೊಡುವುದು ಒಂದು ಗಂಟು, ಒಂದು ಎತ್ತರದ ಅಂಕಿ, ಒಂದು ಹೆಸರು.

ಇನ್ನು ನಾನು ಬಂದ ಕೆಲಸ. ಸಮೋನ್ನತಿ ರೇಖೆಗಳನ್ನು ಓದುವುದು ಕಷ್ಟವೆಂದು ಶಾಲೆಯಲ್ಲಿ ಹೆದರಿಸಿರುತ್ತಾರೆ. ಮೀನಂಗಡಿಯ ಸುತ್ತಿನ ಹಾಳೆಯನ್ನು ಕೈಗೆ ಕೊಟ್ಟು ಹೆದರಿಸಿದ್ದರೆ ಯಾರೂ ಹೆದರುತ್ತಿರಲಿಲ್ಲ. ಇಲ್ಲಿ ಮಹಾಪರ್ವತಗಳಿಲ್ಲ, ಸಮುದ್ರಮಟ್ಟಕ್ಕೆ ಏಳೆಂಟು ನೂರು ಮೀಟರು ಮೇಲಿರುವ ಪ್ರಸ್ಥಭೂಮಿಯ ಮೇಲೆ, ಮಗುಚಿಟ್ಟ ಬೋಗುಣಿಗಳಂತೆ ಗುಂಡುಗುಂಡಾದ ಕುನ್ನುಗಳು, ಎಂದರೆ ಗುಡ್ಡಗಳು. ಒಂದೊಂದರ ಸುತ್ತಲೂ ಉಂಗುರ ಉಂಗುರವಾಗಿ ಕಂದು ಗೆರೆ. ಉಂಗುರಗಳು ಒಂದನ್ನೊಂದು ಮುಟ್ಟವು. ಅವುಗಳ ನಡುವೆ, ಅಂಗೈಯಲ್ಲಿ ರೇಖೆಗಳಿರುವಂತೆ, ಗೆರೆಯಿಲ್ಲದ ಬೋಳು ಪಟ್ಟಿಗಳು ಕವಲೊಡೆಯುತ್ತ ಹೋಗುತ್ತವೆ. ಇವೇ ವಯಲ್‌ಗಳು. ಮೊದಲ ನೋಟಕ್ಕೆ ಕಣ್ಣು ಗುಡ್ಡಗಳ ಮೇಲೆ ನಿಲ್ಲುತ್ತದೆ, ಗೆರೆಗಳಿರುವುದು ಅಲ್ಲಿಯಷ್ಟೆ. ಅರ್ಧಗಂಟೆ ನೋಡುತ್ತಿದ್ದರೆ ಹಾಳೆ ತಿರುಗಿ ನಿಲ್ಲುತ್ತದೆ: ಬರೆಯದೆ ಬಿಟ್ಟ ಜಾಗವೇ ಮುಖ್ಯವಾಗಿ, ಗುಡ್ಡಗಳು ಅದರ ದಡಗಳಾಗುತ್ತವೆ. ಹಳೆಯ ರಸ್ತೆ ಏಕೆ ಹೀಗೆ ಬಳುಕಿತೆಂದರೆ, ವಯಲಿಗೆ ಇಳಿಯಬಾರದೆಂದು ಗುಡ್ಡದ ಬೆನ್ನನ್ನು ಹಿಡಿದದ್ದರಿಂದ. ಮನೆಗಳ ಚುಕ್ಕಿಗಳು ಏಕೆ ಸಾಲಾದುವೆಂದರೆ, ವಯಲಿನ ಕೆಸರಿಗೂ ಗುಡ್ಡದ ಗಾಳಿಗೂ ನಡುವಿನ ಒಣ ಅಂಚಿನಲ್ಲಿ ಬಾವಿ ತೋಡಿದರೆ ನೀರು ಸಿಕ್ಕುತ್ತಿದ್ದುದರಿಂದ. ಊರೂ ದಾರಿಯೂ ಬಾವಿಯೂ ಗದ್ದೆಯ ಅನುಮತಿ ಕೇಳಿ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಂತೆ ಕಾಣುತ್ತದೆ.

ಈ ಪಟ್ಟಿಗಳು ಎಷ್ಟು ಸಣ್ಣವು! ನೂರು ಮೀಟರು ಅಗಲದ ವಯಲು ನನ್ನ ಈಚಿನ ಹಾಳೆಯಲ್ಲಿ ಎರಡು ಮಿಲಿಮೀಟರು, ಹಳೆಯದರಲ್ಲಿ ಒಂದೂವರೆ. ಅಮೆರಿಕದ ಸೈನ್ಯದವರು 1950ರ ದಶಕದಲ್ಲಿ ಎರಡೂವರೆ ಲಕ್ಷಕ್ಕೊಂದರ ಲೆಕ್ಕದಲ್ಲಿ ಅಚ್ಚುಹಾಕಿಸಿದ ಯು502 ಎಂಬ ನಕ್ಷಾಮಾಲೆಯೊಂದುಂಟು. ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಅದನ್ನು ಯಾರು ಬೇಕಾದರೂ ನೋಡುವಂತೆ ಗಣಕಕ್ಕೇರಿಸಿದ್ದಾರೆ. ಅದರಲ್ಲಿ ಅದೇ ವಯಲು ಅರ್ಧ ಮಿಲಿಮೀಟರಿಗೂ ಕಡಮೆ; ಅಂದರೆ ಇಲ್ಲವೇ ಇಲ್ಲ. ನಮ್ಮದೇ ದೊಡ್ಡ ಪ್ರಮಾಣದ ಹಾಳೆಗಳು ನಮಗೆ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಗಡಿಯ ಮತ್ತು ಕಡಲತೀರದ ಸಮೀಪದವು ‘ನಿರ್ಬಂಧಿತ’ವೆಂಬ ಮುದ್ರೆ ಹೊತ್ತು ಕಪಾಟಿನೊಳಗಿದ್ದುವು. 2005ರ ರಾಷ್ಟ್ರೀಯ ನಕ್ಷಾನೀತಿ ಸಾರ್ವಜನಿಕರಿಗೆ ಬೇರೊಂದು ಮಾಲೆಯನ್ನು ತೆರೆಯಿತು. 2021ರ ಫೆಬ್ರುವರಿಯಲ್ಲಿ ಉಳಿದ ಕಟ್ಟುಗಳೂ ಬಹುಮಟ್ಟಿಗೆ ಸಡಿಲಿದುವು. ತನ್ನ ಹೊಲದ ಚಿತ್ರವನ್ನು ನೋಡಲು ರೈತನು ಇನ್ನೂರು ವರ್ಷ ಕಾದನೆಂದರೆ ಅತಿಶಯೋಕ್ತಿಯಲ್ಲ.

ಮೀನಂಗಡಿಯ ಪೇಟೆಯಿಳಿದು, ಹಳೆಯ ಹಾಳೆಯಲ್ಲಿ ಜೋಡಿ ತುಂಡುಗೆರೆಯಾಗಿ ಕಾಣುವ ಗಾಡಿದಾರಿಯನ್ನು ಹುಡುಕಿಕೊಂಡು ಹೊರಟೆ. ಅದು ಈಗ ಡಾಂಬರು ಹಾಕಿದ ಓಣಿ. ಬದಿಯಲ್ಲಿ ಕಾಫಿ, ಕಾಫಿಯ ಮೇಲೆ ಮೆಣಸಿನಬಳ್ಳಿ ಹಬ್ಬಿದ ಹಾಲುವಾಣ. ತಿರುವಿನ ಚಹದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ, ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ನನ್ನ ಕೈಯ ಹಾಳೆಯನ್ನು ನೋಡಿ, ರಸ್ತೆ ಅಗಲ ಮಾಡುವವನೆಂದು ತಿಳಿದು ಮುಖ ಗಂಟಿಕ್ಕಿದರು. ‘ಅಲ್ಲ ಚೇಟ್ಟಾ, ಗುಂಡ್ಲುಪೇಟೆಯ ಕಡೆಯಿಂದ ಬಂದವನು, ಹಳೆಯ ಗದ್ದೆ ಹುಡುಕುತ್ತಿದ್ದೇನೆ’ ಎಂದೆ. ಗಂಟು ಬಿಚ್ಚಿತು.

‘ಗುಂಡ್ಲುಪೇಟೆಯಾ? ನಾನು ನಿಮ್ಮ ಕೋಟೆ ಕಡೆ ಎಂಟು ವರ್ಷ ಶುಂಠಿ ಹಾಕಿದ್ದೇನೆ ಸಾರ್. ಎರಡು ವರ್ಷ ದುಡ್ಡು ಬಂತು. ಆರು ವರ್ಷ ಹೋಯ್ತು.’

ವಯನಾಡಿನ ರೈತರು ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗಳಲ್ಲಿ ಜಮೀನನ್ನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವುದು ದಶಕಗಳಿಂದ ನಡೆದುಬಂದದ್ದು. ಈ ಹಿರಿಯರ ಕನ್ನಡ ಆ ಬೆಳೆಯ ಜೊತೆಗೇ ಬಂದದ್ದು. ನಾನು ಹಾಳೆಯನ್ನು ಬೆಂಚಿನ ಮೇಲೆ ಹರಡಿ, ಉತ್ತರ ಮೇಲಾಗಿರುವಂತೆ, ನಾವೆಲ್ಲ ಕಲಿತಂತೆ, ಅವರ ಮುಂದೆ ಹಿಡಿದೆ. ಅವರು ಅಕ್ಷರಗಳನ್ನು ನೋಡಲಿಲ್ಲ. ‘ಕಿಳಕ್ಕ್ ಯಾವ ಕಡೆ?’ ಎಂದು ಕೇಳಿದರು. ಮೂಡಲನ್ನು ತೋರಿಸಿದೆ. ಅವರು ಕಾಗದದ ಎರಡು ಮೂಲೆಗಳನ್ನು ಹಿಡಿದು, ಹಾಳೆಯ ಮೂಡಲು ನೆಲದ ಮೂಡಲಿಗೆ ಸರಿಯಾಗುವಂತೆ, ಮೆಲ್ಲಗೆ ತಿರುಗಿಸಿಟ್ಟರು. ಅಕ್ಷರಗಳೆಲ್ಲ ಅಡ್ಡಮಲಗಿದುವು; ಗುಡ್ಡಗಳೆಲ್ಲ ತಮ್ಮ ತಮ್ಮ ದಿಕ್ಕಿಗೆ ಎದ್ದು ನಿಂತುವು. ದಿಕ್ಸೂಚಿ ಹಿಡಿದು ಸರ್ವೆಯವನು ಮಾಡುವ ಮೊದಲ ಕೆಲಸವೇ ಅದು. ಆಮೇಲೆ ಹೆಬ್ಬೆರಳನ್ನೂರಿದರು, ಅದರ ಅಡಿಯಲ್ಲಿ ಒಂದು ಕಿಲೋಮೀಟರು ಮುಚ್ಚಿಹೋಯಿತು. ‘ಇದು ನಮ್ಮ ವಯಲು.’

ಆ ಹೆಬ್ಬೆರಳ ಜಾಗಕ್ಕೆ ನಡೆದುಹೋದೆವು. ವಯಲಿನ ಬಾಯಿಯಲ್ಲಿ ಬಾಳೆ. ಬಾಳೆಗೆ ಕಾಲಲ್ಲಿ ನೀರು ನಿಲ್ಲಬಾರದಾದ್ದರಿಂದ ಏರಿಗಳ ನಡುವೆ ಎದೆಮಟ್ಟದ ಕಾಲುವೆಗಳನ್ನು ತೋಡಿ ನೀರನ್ನು ತೋಡಿಗೆ ಓಡಿಸಿದ್ದರು. ಅದರಾಚೆ ಅಡಕೆ. ಅಡಕೆಯಾಚೆ ಗುಡ್ಡದ ಕೆಂಪುಮಣ್ಣು ತಂದು ತುಂಬಿದ ಒಂದು ನಿವೇಶನ, ಅದರ ಮೇಲೊಂದು ತಾರಸಿ ಮನೆ. ಬಾಳೆ, ಅಡಕೆ, ಮನೆ: ವಯಲು ಅಳಿಯುವುದು ಈ ಕ್ರಮದಲ್ಲಿಯೇ ಎಂದು ಹಿರಿಯರು ಕೈ ತೋರಿಸಿ ಹೇಳಿದರು. ಭತ್ತದ ಗದ್ದೆ ಮಳೆಗಾಲದ ನೀರನ್ನು ಅರಿವೆಯಂತೆ ಹೀರಿ ಹಿಡಿದು, ಬೇಸಗೆಯಲ್ಲಿ ಅಂಚಿನ ಬಾವಿಗಳಿಗೆ ಸ್ವಲ್ಪಸ್ವಲ್ಪವೇ ಬಿಡುತ್ತಿತ್ತು; ಕಾಲುವೆ ತೋಡಿದ ಮರುವರ್ಷವೇ ಬಾವಿಯ ಹಗ್ಗಕ್ಕೆ ಎರಡು ಮೊಳ ಸೇರಿಸಬೇಕಾಯಿತಂತೆ. 2008ರಲ್ಲಿ ಕೇರಳದ ಶಾಸನಸಭೆ ಗದ್ದೆ ಮತ್ತು ಜೌಗುನೆಲಗಳ ಸಂರಕ್ಷಣೆಗಾಗಿ ಕಾಯಿದೆಯನ್ನೇ ಮಾಡಿತು. ಕಾಯಿದೆ ಬರುವಷ್ಟರಲ್ಲಿ ಇಲ್ಲಿ ಮೊದಲ ಎರಡು ಮೆಟ್ಟಿಲು ಮುಗಿದಿತ್ತು.

‘ಮುಂಚೆ ನಂಜ, ಪುಂಜ, ಎರಡು ಬೆಳೆ. ಗಂಧಕಶಾಲ ಹೂ ಬಿಟ್ಟರೆ ಇಲ್ಲಿ ನಿಂತವನಿಗೆ ಹಸಿವಾಗುತ್ತಿತ್ತು’ ಎಂದರು. ಗಂಧಕಶಾಲ, ಜೀರಕಶಾಲ ಎಂಬ ಆ ಸುವಾಸನೆಯ ಭತ್ತಗಳಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಆ ಗದ್ದೆಯಲ್ಲಿ ನಾಟಿ ಮಾಡಿದವರು ಯಾರು? ನಾನು ಕೇಳಿದ್ದಕ್ಕೆ ಅವರು, ‘ಮತ್ತಾರು, ಪಣಿಯರು’ ಎಂದು ಸಹಜವಾಗಿ ನುಡಿದರು. ಮಾನಂತವಾಡಿಯ ಬಳಿಯ ವಳ್ಳಿಯೂರುಕಾವಿನ ಜಾತ್ರೆಯಲ್ಲಿ, ದೇವಿಯ ಸನ್ನಿಧಿಯಲ್ಲಿ, ಒಡೆಯರು ಪಣಿಯರನ್ನೂ ಅಡಿಯರನ್ನೂ ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದುದು ತೀರ ಹಳೆಯ ಮಾತಲ್ಲ. ನಕ್ಷೆಯಲ್ಲಿ ಗದ್ದೆಯಿದೆ, ತೋಡಿದೆ, ತಪಾಸಣೆಯ ಬಂಗಲೆಯಿದೆ, ಅಂಚೆಮನೆಯಿದೆ, ಜೀತಕ್ಕೆ ಸಂಕೇತಚಿಹ್ನೆಯಿಲ್ಲ. ಪಾಡಿಯ ಗುಡಿಸಲೂ ಒಡೆಯನ ತರವಾಡೂ ಅದೇ ಒಂದು ಚುಕ್ಕಿ.

ನಕ್ಷೆ ಹೀಗೆ ಮುಚ್ಚಿಡುವುದೂ ಉಂಟು, ನಗಿಸುವುದೂ ಉಂಟು. ಮೀನಂಗಡಿಗೂ ಬತ್ತೇರಿಗೂ ನಡುವೆ ಬೀನಾಚಿಯೆಂಬಲ್ಲಿ ಐನೂರಕ್ಕೂ ಹೆಚ್ಚು ಎಕರೆಯ ಒಂದು ತೋಟವಿದೆ. ಅದರ ಒಡೆಯರು ಯಾರೆಂದು ಊಹಿಸುವುದು ಯಾರಿಂದಲೂ ಆಗದು: ಮಧ್ಯಪ್ರದೇಶದ ಸರ್ಕಾರ! ಗ್ವಾಲಿಯರಿನ ಸಿಂಧಿಯಾ ಸಂಸ್ಥಾನದ ಕಂಪನಿಯೊಂದರ ಆಸ್ತಿಯಾಗಿದ್ದದ್ದು, ಸಂಸ್ಥಾನದ ಜೊತೆಗೆ ಅಲ್ಲಿಯ ರಾಜ್ಯಕ್ಕೆ ಹೋಯಿತು. ಕಾಫಿಯ ಗಿಡಗಳಿಗೆ ಮಾತ್ರ ತಾವು ಭೋಪಾಲಿಗೆ ಸೇರಿದವೆಂಬುದು ತಿಳಿಯದು. ಅಂಬಲವಯಲಿನ ಕಡೆ ಎರಡನೆಯ ಮಹಾಯುದ್ಧದ ನಂತರ ಮಾಜಿ ಸೈನಿಕರಿಗೆಂದು ಕಾಡು ಕಡಿದು ಹಂಚಿದ ಭೂಮಿ, ತಿರುವಾಂಕೂರಿನಿಂದ ಘಟ್ಟವೇರಿ ಬಂದ ಕ್ರೈಸ್ತ ರೈತರ ಇಗರ್ಜಿಗಳು, ಇವೆಲ್ಲ ಎರಡು ಹಾಳೆಗಳ ನಡುವಿನ ಕಾಲದಲ್ಲಿ ಮೂಡಿದುವು. ಮೂಡಣ ಹಾಳೆಗಳಲ್ಲಿ ಪಂದಲೂರು, ದೇವಾಲಗಳ ಕಡೆ 1880ರ ಸುಮಾರಿಗೆ ಚಿನ್ನದ ಹುಚ್ಚು ಹಿಡಿದು, ಲಂಡನ್ನಿನಲ್ಲಿ ನಲವತ್ತರಷ್ಟು ಕಂಪನಿಗಳು ಹುಟ್ಟಿ, ಎರಡು ಮೂರು ವರ್ಷದಲ್ಲಿ ಸತ್ತುವು. ಅದು ಬೇರೆಯೇ ಕಥೆ. ಕೋಲಾರದವರು ಅದನ್ನು ಕೇಳಿ ತಮ್ಮ ಅದೃಷ್ಟವನ್ನು ನೆನೆಯಬಹುದು.

ಮನೆಗೆ ಬಂದಮೇಲೆ ನನ್ನ ಸೋದರಳಿಯನ ಕಂಪ್ಯೂಟರಿನಲ್ಲಿ ಹಳೆಯ ಹಾಳೆಯನ್ನು ಉಪಗ್ರಹದ ಚಿತ್ರದ ಮೇಲೆ ಹಾಸಿ ನೋಡಿದೆವು. ಗುಡ್ಡದ ಮೇಲಿರಬೇಕಾದ ದೇವಸ್ಥಾನವೊಂದು ಗದ್ದೆಯ ನಡುವೆ ಬಂದು ನಿಂತಿತ್ತು. ದೇವರು ಸ್ಥಾನಪಲ್ಲಟ ಮಾಡಿದನೆಂದು ಇನ್ನೊಂದು ಎರಡು ಪುಟದ ಟಿಪ್ಪಣಿಗೆ ಮನಸ್ಸು ಸಿದ್ಧವಾಗುತ್ತಿದ್ದಾಗ, ಸೋದರಳಿಯನು ತಡೆದ. ಹಳೆಯ ಹಾಳೆಯ ಭೂಮಿ ಬೇರೆ, ಉಪಗ್ರಹದ ಭೂಮಿ ಬೇರೆ! ಲ್ಯಾಂಬ್ಟನ್ನನ ಸರಪಳಿಯ ಅಳತೆಯನ್ನಾಧರಿಸಿ ಅವನ ಉತ್ತರಾಧಿಕಾರಿ ಎವರೆಸ್ಟನು 1830ರಲ್ಲಿ ಭೂಗೋಳಕ್ಕೆ ಒಂದು ಆಕಾರವನ್ನು ಗೊತ್ತುಮಾಡಿದ. ನಮ್ಮ ಹಳೆಯ ಹಾಳೆಗಳೆಲ್ಲ ಅದರ ಮೇಲೆ ನಿಂತವು. ಉಪಗ್ರಹಗಳು ಒಪ್ಪಿಕೊಂಡಿರುವ ಆಕಾರ ತುಸು ಭಿನ್ನ. ತಿದ್ದದೆ ಹಾಸಿದರೆ ಊರಿಗೆ ಊರೇ ನೂರಾರು ಅಡಿ ಸರಿದು ಕೂರುತ್ತದೆ. ನೂರಾರು ಅಡಿಯೆಂದರೆ ಒಂದು ವಯಲಿನ ಅಗಲ. ತಿದ್ದಿದ ಮೇಲೆ ದೇವರು ಗುಡ್ಡಕ್ಕೆ ಮರಳಿದ.

ಅನಂತರ, ಹಾಳೆಯ ಕೆಳಗಿನ ಅಂಚಿನತ್ತ ಕಣ್ಣು ತಾನಾಗಿಯೇ ಜಾರಿತು. ಮೇಪ್ಪಾಡಿಯಿಂದ ತೆಂಕಲಿಗೆ, 58ಎ/2 ಮುಗಿದು 58ಎ/3 ಮೊದಲಾಗುವ ಆ ಗೆರೆಯ ಬಳಿ ಚೂರಲ್‌ಮಲ. ಅದಕ್ಕೂ ಕೆಳಗೆ ಮುಂಡಕ್ಕೈ. 2024ರ ಜುಲೈ 30ರ ನಸುಕಿನಲ್ಲಿ ಸಮುದ್ರಮಟ್ಟದಿಂದ 1,550 ಮೀಟರು ಎತ್ತರದಲ್ಲಿ ಕಿತ್ತುಬಂದ ಬೆಟ್ಟ ಸುಮಾರು ಎಂಟು ಕಿಲೋಮೀಟರು ಹರಿದು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂಡೊಯ್ಯಿತು. ಅದೇ ಮುಂಡಕ್ಕೈಯಲ್ಲಿ 1984ರ ಜುಲೈ 1ರಂದು ಹದಿನಾಲ್ಕು ಜನ ಸತ್ತಿದ್ದರು. ಅಲ್ಲಿ ಕಂದು ಗೆರೆಗಳ ನಡುವೆ ಸೂಜಿಯೂ ಹೋಗದಷ್ಟು ಇಕ್ಕಟ್ಟು. ಆ ಇಕ್ಕಟ್ಟಿನಿಂದ ಒಂದು ನೀಲಿ ಎಳೆ ಇಳಿದು ಊರನ್ನು ಮುಟ್ಟುತ್ತದೆ. ಯಾರಿಗೆ ಬೇಕಾದರೂ ಕಾಣುವಂತೆ ಅಚ್ಚಾಗಿಯೇ ಇದ್ದ ಸಂಗತಿ ಅದು. ಹಾಳೆ ಮಡಚಿಟ್ಟೆ. ಆ ದಿನ ಮತ್ತೆ ಅದನ್ನು ಬಿಚ್ಚುವ ಮನಸ್ಸಾಗಲಿಲ್ಲ.

ಮೀನಂಗಡಿಯವರು ಈಚೆಗೆ ಮತ್ತೊಂದು ಬಗೆಯ ನಕ್ಷೆ ಬರೆಯುತ್ತಿದ್ದಾರೆ. 2016ರಲ್ಲಿ ತಮ್ಮ ಪಂಚಾಯಿತಿಯು ಗಾಳಿಗೆ ಬಿಡುವಷ್ಟೇ ಇಂಗಾಲವನ್ನು ಮಣ್ಣಿಗೂ ಮರಕ್ಕೂ ಹಿಂದಿರುಗಿಸಬೇಕೆಂದು ಸಂಕಲ್ಪಿಸಿ, ರೈತನು ನೆಟ್ಟ ಮರವನ್ನು ಅಡವಾಗಿಟ್ಟುಕೊಂಡು ಬಡ್ಡಿಯಿಲ್ಲದ ಸಾಲ ಕೊಡುವ ಯೋಜನೆಯೊಂದನ್ನು ಮಾಡಿದ್ದಾರೆ. ಒಂದೊಂದು ಮರದ ಅಕ್ಷಾಂಶ ರೇಖಾಂಶಗಳನ್ನೂ ಗುರುತುಹಾಕಿ ದಾಖಲೆಗೆ ಸೇರಿಸುತ್ತಾರೆ. ಚಹದಂಗಡಿಯ ಹಿರಿಯರ ಹಿತ್ತಿಲಿನಲ್ಲಿಯೂ ಅಂಥ ಮರಗಳಿದ್ದುವು. ತೊಗಟೆಯನ್ನು ತಟ್ಟಿ, ‘ಇದು ಬ್ಯಾಂಕಿನದು, ಇದು ನನ್ನದು, ಇದು ಬ್ಯಾಂಕಿನದು’ ಎಂದು ತೋರಿಸಿದರು.

ಅಂದು ನಾನು ಹೊರಡುವಾಗ ಅವರು ಇನ್ನೊಮ್ಮೆ ವಯಲಿನ ಬಾಯಿಗೆ ಕರೆದೊಯ್ದು, ಬಾಳೆಯ ಕಾಲುವೆಯಿಂದ ತೋಡಿಗೆ ಬೀಳುತ್ತಿದ್ದ ನೀರನ್ನು ತೋರಿಸಿ, ಇದು ಎಲ್ಲಿಗೆ ಹೋಗುತ್ತದೆ ಗೊತ್ತೇ ಎಂದು ಕೇಳಿದರು. ನಾನು ಹಾಳೆ ಬಿಚ್ಚಿ, ನೀಲಿ ಎಳೆಯ ಜಾಡು ಹಿಡಿದು, ಪನಮರದ ಹೊಳೆ, ಕಬಿನಿ, ಬೀಚನಹಳ್ಳಿಯ ಅಣೆಕಟ್ಟು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಎಂದು ಪಾಠ ಒಪ್ಪಿಸಿದೆ.

‘ಅಷ್ಟು ದೂರ ನನಗೆ ಗೊತ್ತಿಲ್ಲ. ಕೋಟೆಯಲ್ಲಿ ನನ್ನ ಶುಂಠಿಗೆ ಪಂಪು ಇಟ್ಟಿದ್ದು ಈ ನೀರಿಗೇ ಸಾರ್’ ಎಂದರು ಅವರು.